ಅತ್ತೆ ಕೇಳುತ್ತಿದ್ದ ಕಥೆ

ಸಾ ದೆಕ್ ಊರಿನ ಹೂತೋಟದ ಓಣಿಯಲ್ಲಿ ನ್ಯಾನ್‌ಗೆ ಇದ್ದಷ್ಟು ಕಥೆಯ ಹುಚ್ಚು ಇನ್ಯಾರಿಗೂ ಇರಲಿಲ್ಲ. ರಾತ್ರಿ ಸೊಳ್ಳೆಪರದೆಯೊಳಗೆ ಸೇರಿಕೊಂಡು, ಫೋನಿನಲ್ಲಿ ಹೆಂಗಸೊಬ್ಬಳು ಓದುತ್ತಿದ್ದ ಪ್ರೇಮಕಥೆಗಳನ್ನು ಕಣ್ಣೀರು ಸುರಿಸುತ್ತ ಕೇಳುತ್ತಿದ್ದಳು. ಎಲ್ಲದರಲ್ಲೂ ಒಬ್ಬ ಕಲ್ಲೆದೆಯ ಕಂಪನಿ ಮಾಲೀಕ, ಬಡವರ ಮನೆಯ ಹೆಂಡತಿ, ಅವಳನ್ನು ಗೋಳುಹೊಯ್ದುಕೊಳ್ಳುವ ಅತ್ತೆ. ಬಸುರಿಯನ್ನು ಮಳೆಯಲ್ಲಿ ಹೊರದಬ್ಬುತ್ತಾರೆ. ವರ್ಷಗಳಾದ ಮೇಲೆ ಅವಳು ಅವಳಿ ಮಕ್ಕಳೊಂದಿಗೆ ಬರುತ್ತಾಳೆ. ಗಂಡ ಮಂಡಿಯೂರಿ ಅಳುತ್ತಾನೆ.

"ಆ ಅತ್ತೆ ಮನುಷ್ಯಳಾ? ರಾಕ್ಷಸಿ!" ಎಂದು ನ್ಯಾನ್ ಮೂಗೊರೆಸಿಕೊಳ್ಳುತ್ತಿದ್ದಳು.

ಅವಳ ಸೊಸೆ ಥೋವಾ ಹೊರಗೆ ಪಾತ್ರೆ ತಿಕ್ಕುತ್ತಲೇ ಕಿವಿಗೊಟ್ಟಿರುತ್ತಿದ್ದಳು. ಆ ಮನೆಯಲ್ಲಿ ಬೈಗುಳವಿಲ್ಲದ ಹೆಣ್ಣುದನಿ ಫೋನಿನದೊಂದೇ.

ಹೊಸವರ್ಷದ ಟೆಟ್ ಹಬ್ಬದ ಮಾರಾಟಕ್ಕೆ ಸೇವಂತಿಗೆ ಬುಟ್ಟಿಗಳನ್ನೆಲ್ಲ ದೋಣಿಗೆ ಹೊತ್ತು ಹಾಕಿದ ದಿನ, ಬಸುರಿ ಥೋವಾಗೆ ಹೊಟ್ಟೆನೋವು ಶುರುವಾಯಿತು. ಗಂಡ ಖಿಯೆಮ್ ದೋಣಿಯ ಜೊತೆ ಪೇಟೆಗೆ ಹೋಗಿದ್ದ.

"ಅತ್ತೆ, ರಕ್ತ ಹೋಗ್ತಿದೆ."

"ಸ್ವಲ್ಪ ಸುಮ್ನಿರೇ! ಪಾಪ, ಈ ಹುಡುಗಿನ ಮೆಟ್ಟಿಲಿಂದ ತಳ್ಳಿಬಿಟ್ರು. ಇದು ಮುಗೀಲಿ."

ಕಥೆ ಮುಗಿಯುವಷ್ಟರಲ್ಲಿ ಥೋವಾಳ ಮಗು ಹೋಗಿತ್ತು. ಮತ್ತೆ ಅವಳಿಗೆ ಬಸಿರು ನಿಲ್ಲಲಿಲ್ಲ.

ವರ್ಷಗಳು ಕಳೆದು ನ್ಯಾನ್‌ಗೆ ಲಕ್ವ ಹೊಡೆಯಿತು. ಹಾಸಿಗೆ ಹಿಡಿದಳು.

"ಈಗಿನದನ್ನೆಲ್ಲ ಯಂತ್ರ ಓದುತ್ತೆ ಕಣೇ, ಅದಕ್ಕೆ ಉಸಿರೇ ಇಲ್ಲ. ಆ ಹಳೇ ಹೆಂಗಸಿಂದು ಹಾಕು. ಮೆಟ್ಟಿಲಿಂದ ಬೀಳ್ತಾಳಲ್ಲ, ಅದು."

ಥೋವಾ ಹುಡುಕಿ ಹಾಕಿದಳು. ಆ ದನಿ ಕೇಳಿದ್ದೇ ಅವಳೂ ಹಾಸಿಗೆಯ ಪಕ್ಕ ಕೂತಳು. ಕಥೆಯ ಹುಡುಗಿ ನೆಲಕ್ಕೆ ಬಿದ್ದು "ಅತ್ತೆ" ಎಂದು ಕೂಗಿದ ಕಡೆ ನಿಲ್ಲಿಸಿದಳು.

"ಮುಂದೆ?"

"ಅಷ್ಟೇ ಇರೋದು."

ಮಾರನೆಯ ಮಧ್ಯಾಹ್ನವೂ ಮೊದಲಿನಿಂದ ಹಾಕಿ ಅಲ್ಲೇ ನಿಲ್ಲಿಸಿದಳು. ಮಳೆಗಾಲವಿಡೀ ಹೀಗೇ ನಡೆಯಿತು. ಎಂದಾದರೂ ಒಂದು ದಿನ ಮುದುಕಿಗೆ ಅಂದಿನ ತನ್ನ ಕೂಗು ನೆನಪಾಗುತ್ತದೆಂದು ಕಾದಳು. ಮುದುಕಿ ಮಗನ ಹತ್ತಿರ ದೂರು ಹೇಳಿದಳು.

ಭಾನುವಾರ ಖಿಯೆಮ್ ತಾನೇ ಕೂತು ಪೂರ್ತಿ ಕಥೆ ಹಾಕಿದ. ಕೊನೆಯಲ್ಲಿ ಕಥೆಯ ಅತ್ತೆ ಹಾಸಿಗೆ ಹಿಡಿದಿದ್ದಳು. ಸೊಸೆ ಕಾಲೊತ್ತುತ್ತ ಅವಳನ್ನು ಕ್ಷಮಿಸಿದಳು. ನ್ಯಾನ್ ಬಿಕ್ಕಿ ಬಿಕ್ಕಿ ಅತ್ತಳು. ಖಿಯೆಮ್ ತೋಟಕ್ಕೆ ಹೋದ ಮೇಲೆ, ಹಾಸಿಗೆಯ ಒದ್ದೆ ಬಟ್ಟೆ ಬದಲಿಸಲು ಥೋವಾ ಒಳಗೆ ಬಂದಳು.

"ಕೇಳಿದ್ಯಾ? ಆ ಹುಡುಗಿನ ನೋಡಿ ಕಲಿ. ಎಂಥಾ ದೊಡ್ಡ ಮನಸ್ಸು!"

"ಕೇಳಿದೆ, ಅತ್ತೆ."

ಥೋವಾ ಒಣ ಬಟ್ಟೆಯನ್ನು ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟಳು. ಕಥೆಯನ್ನು ಮತ್ತೆ ಮೊದಲಿನಿಂದ, ಜೋರಾಗಿ ಹಾಕಿದಳು. ಬಾಗಿಲೆಳೆದುಕೊಂಡು ಸಂತೆಗೆ ಹೋದಳು. ಮುದುಕಿ ಕೂಗಿದ್ದು ಫೋನಿನ ಆ ದನಿಯ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಕತ್ತಲಾಗುವವರೆಗೂ ಒದ್ದೆಯಲ್ಲೇ ಬಿದ್ದಿದ್ದಳು.