ತಗೊಳ್ಳಾವ್ರೋ, ಕೊಡಾವ್ರೋ

ಎಂಟು ದಿನದಿಂದ ಸಂಗವ್ವನಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ಎರಡು ಸಲ ಸುಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಕೈಯಲ್ಲಿ ರೊಟ್ಟಿ ಸುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಕೆಲಸಕ್ಕೆ ಬರುವ ನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೆಳಗಾವಿಯ ವಡಗಾವಿಯಲ್ಲಿ ರಸ್ತೆಗೆ ಹತ್ತಿದ ಆ ಮನೆಯ ಮುಂದಿನ ಖೋಲಿಯೇ ಆಕೆಯ ಅಂಗಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಬ್ಬ ಬಂದರೆ ಹೋಳಿಗೆ. ಖೋಲಿ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಸಂಗವ್ವನ ಹತ್ತಿರ ಉಳಿಯುವುದೇನು, ಮಣ್ಣು?

ಹೋಗುವ ಪ್ರಶ್ನೆ ಯಾಕೆ ಬಂತೆಂದರೆ, ಮನೆ ಪಾಲಾಗುವುದಿತ್ತು. ಅದು ಆಕೆಯ ಗಂಡ ಸಿದ್ದಪ್ಪ ಮತ್ತು ಅವನ ತಮ್ಮ ಪ್ರಸಾದ, ಇಬ್ಬರ ಹೆಸರಿನಲ್ಲಿತ್ತು. ಪ್ರಸಾದ ಖಾನಾಪುರದ ಹೈಸ್ಕೂಲಿನಲ್ಲಿ ಮಾಸ್ತರ. ಒಂಬತ್ತು ವರ್ಷದಿಂದ ಹೆಂಡತಿ ಶೀತಲ, ಮಗಳು ಸಮೃದ್ಧಿಯ ಜೊತೆ ಅಲ್ಲೇ ಬಾಡಿಗೆಗಿದ್ದ. ಹುಡುಗಿಯ ಕಾಲೇಜಿನ ಖರ್ಚು ಬಂತು, ಪಾಲು ಮುಗಿಸಿಬಿಡೋಣ ಎಂದು ಫೋನು ಮಾಡಿದ್ದ. ಹದಿನೆಂಟು ಅಡಿ ಅಗಲದ ಮನೆಯಲ್ಲಿ ಎಲ್ಲಿ ಗೋಡೆ ಎಬ್ಬಿಸುತ್ತೀರಿ? ಒಬ್ಬ ಇಟ್ಟುಕೊಳ್ಳಬೇಕು, ಇನ್ನೊಬ್ಬನಿಗೆ ಅರ್ಧ ಬೆಲೆ ಕೊಡಬೇಕು.

ಇದಕ್ಕೆ ಅವರ ಮನೆತನದಲ್ಲೊಂದು ಪದ್ಧತಿ ಇತ್ತು. ದೊಡ್ಡವ ಬೆಲೆ ಹೇಳಬೇಕು, ಸಣ್ಣವ ಆರಿಸಬೇಕು. ಆ ಬೆಲೆಯ ಅರ್ಧ ಕೊಟ್ಟು ಮನೆ ಇಟ್ಟುಕೊಳ್ಳುತ್ತಾನೋ, ಅರ್ಧ ತೆಗೆದುಕೊಂಡು ಮನೆ ಬಿಡುತ್ತಾನೋ, ಅದು ಸಣ್ಣವನ ಖುಷಿ. ಎಲೆ ಅಡಿಕೆ ಮುಂದಿಟ್ಟು ಆಡಿದ ಮಾತಿಗೆ ತಿದ್ದುಪಡಿ ಇಲ್ಲ. ಜಾಸ್ತಿ ಹೇಳಿದರೆ ಜಾಸ್ತಿ ಕೊಡುವ ಪಾಳಿ ದೊಡ್ಡವನಿಗೇ ಬಂದೀತು, ಕಡಿಮೆ ಹೇಳಿದರೆ ಮನೆಯೇ ಕೈಬಿಟ್ಟೀತು. ಹಳಬರೇನು ದಡ್ಡರೇ?

ಹೇಳಬೇಕಾದವನು ಸಿದ್ದಪ್ಪ. ಆ ಪುಣ್ಯಾತ್ಮ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು. ಟಿಕೆಟಿನ ಮೇಲೆ ಅಚ್ಚಾದ ಬೆಲೆ ಬಿಟ್ಟರೆ ಬೇರೆ ಬೆಲೆ ಅವನ ಬಾಯಿಂದ ಹೊರಟಿದ್ದೇ ಇಲ್ಲ. "ನನಗೇನ್ ತಿಳೀತೈತಿ? ನೀ ನೋಡು," ಎಂದು ಪೇಪರ್ ಬಿಡಿಸಿಕೊಂಡು ಕೂತ. ಸಂಗವ್ವ ಹೊರಟಳು.

ಮೊದಲು ಹೃಷೀಕೇಶನೆಂಬ ಏಜೆಂಟನ ಹತ್ತಿರ ಹೋಗಿ, ಮನೆ ಮಾರುವುದಿದೆ ಅಂದಳು. ಅವನು ಮರುದಿನವೇ ಬಂದು ಮಾಳಿಗೆ ಹತ್ತಿ, ಹಿತ್ತಲಿಗಿಳಿದು, ಬಚ್ಚಲಿನ ಫೋಟೋ ಸಹ ತೆಗೆದುಕೊಂಡ.

"ಎಂಬತ್ತೈದು ಲಕ್ಷ ಆರಾಮ ಬರತೈತಿ, ಕಾಕೂ. ಆದ್ರ ನನಗೊಬ್ಬಂಗೇ ಕೊಡಬೇಕು ನೋಡ್ರಿ. ಬ್ಯಾರೆ ಏಜೆಂಟರ ಕಡೆ ಹೋಗಬ್ಯಾಡ್ರಿ."

ಎಂಬತ್ತೈದರ ಅರ್ಧವೆಂದರೆ ನಲವತ್ತೆರಡೂವರೆ. ಸಂಗವ್ವನ ಎದೆ ಧಸಕ್ಕೆಂದಿತು. ಆದರೆ ಆಕೆ ಅಷ್ಟು ಹುಚ್ಚಿಯೂ ಅಲ್ಲ. ಹೋದ ವರ್ಷ ಅದೇ ಓಣಿಯ ಮೂರನೇ ಮನೆ, ಇಷ್ಟೇ ಅಗಲ, ಇಷ್ಟೇ ಉದ್ದ, ಎಪ್ಪತ್ತಕ್ಕೆ ಹೋಗಿತ್ತು. ಕೊಂಡವರ ಗೃಹಪ್ರವೇಶಕ್ಕೆ ನಾನೂರು ಹೋಳಿಗೆ ಮಾಡಿಕೊಟ್ಟಾಗ ಆ ಮನೆಯೊಡತಿಯೇ ಬೆಲೆ ಹೇಳಿದ್ದಳು. ಹಾಗಾಗಿ ಎಪ್ಪತ್ತು ಎನ್ನುವುದು ಸಂಗವ್ವನಿಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಕೆ ಮಾತ್ರ ಮರೆಯಲು ನೋಡಿದಳು.

ಎಪ್ಪತ್ತಾದರೆ ಅರ್ಧ ಮೂವತ್ತೈದು. ಆಕೆಯ ಭಿಶಿ ಚೀಟಿಯ ದುಡ್ಡು, ಠೇವಣಿ, ಬಂಗಾರ ಎಲ್ಲ ಒಟ್ಟು ಮಾಡಿದರೂ ಇಪ್ಪತ್ತನಾಲ್ಕು. ಉಳಿದ ಹನ್ನೊಂದಕ್ಕೆ ಸಾಲ ತೆಗೆಯಬೇಕು. ಸಾಲ ಸಿಗುತ್ತಿರಲಿಲ್ಲ ಎಂದಲ್ಲ, ಸಿಗುತ್ತಿತ್ತು. ಆದರೆ ತೀರಿಸುವವರೆಗೆ, ಅಂಗಡಿಗೆ ತರಬೇಕೆಂದಿದ್ದ ರೊಟ್ಟಿ ಮಷೀನಿನ ಆಸೆ ಕಟ್ಟಿಡಬೇಕಿತ್ತು. ಅದಕ್ಕೇ ಕಾಲು ಮತ್ತೊಬ್ಬ ಏಜೆಂಟನ ಕಡೆ ಎಳೆಯಿತು.

ಶಹಾಪುರದ ಚಹಾದಂಗಡಿಯ ಬೆಂಚೇ ಗುರುಪುತ್ರಪ್ಪನ ಆಫೀಸು. ಈ ಸಲ ಸಂಗವ್ವ ಮಾತು ತಿರುವಿದಳು. ಯಾರೋ ಸಂಬಂಧಿಕರು ಆ ಓಣಿಯಲ್ಲಿ ಮನೆ ತಗೊಳ್ಳಬೇಕೆಂದಿದ್ದಾರೆ ಅಂದು ತನ್ನ ಮನೆಯದೇ ನಂಬರು ಹೇಳಿದಳು.

"ಆ ರೊಟ್ಟಿ ಅಂಗಡಿ ಮನಿ ಏನು? ಐವತ್ತೈದರ ಮ್ಯಾಲೆ ಒಂದ್ ಪೈಸಾ ಕೊಡಬ್ಯಾಡ್ರಿ ಯವ್ವಾ. ಹಳೀ ಗ್ವಾಡಿ. ಬುಡ ಎಲ್ಲಾ ನೀರ ಕುಡದಾವು."

ನೀರು ಕುಡಿದಾವಂತೆ! ನಿನ್ನ ಗಂಟಲಿಗೆ ನೀರು ಬೀಳದಿರಲಿ, ಎಂದು ಬಾಯಿಗೆ ಬಂದಿದ್ದನ್ನು ಸಂಗವ್ವ ನುಂಗಿದಳು. ಸಿಟ್ಟು ಬಂದ ಹಾಗೆಯೇ ಒಳಗೆ ಖುಷಿಯೂ ಆಯಿತು. ಒಂದೇ ಮನೆ, ಒಂದೇ ವಾರ, ಮಾರುತ್ತೇನೆಂದರೆ ಎಂಬತ್ತೈದು, ಕೊಳ್ಳುತ್ತೇನೆಂದರೆ ಐವತ್ತೈದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹಾಗಿದ್ದರೆ ಇನ್ನೊಬ್ಬ ವೈದ್ಯನನ್ನು ಕೇಳುವುದರಲ್ಲಿ ತಪ್ಪೇನು?

ಮೂರನೆಯವನು ಖಾನಾಪುರದ ಮಧುಕರ. ಇನ್ನೂ ಬೆಳಗಾವಿಯಲ್ಲೇ ಕೇಳುತ್ತ ಹೋದರೆ ಸುದ್ದಿ ಓಣಿಗೆ ಬರುತ್ತದೆಂದು ಬಸ್ಸು ಹತ್ತಿದಳು. ಮೈದುನ ಇರುವ ಊರು ಅದೇ ಎಂಬುದು ಇಳಿದ ಮೇಲೆ ನೆನಪಾಗಿ, ಸೆರಗನ್ನು ಮುಖದವರೆಗೆ ಎಳೆದುಕೊಂಡು ಸ್ಟ್ಯಾಂಡು ದಾಟಿದಳು. ಮಧುಕರ ಆಕೆಯ ವಿವರವನ್ನು ಪೂರ್ತಿ ಕೇಳಲೂ ಇಲ್ಲ.

"ತಗೊಳ್ಳಾವ್ರೋ, ಕೊಡಾವ್ರೋ? ಅಷ್ಟ ಹೇಳ್ರಿ."

"ತಗೊಳ್ಳಾವ್ರು."

"ಹಂಗಾದ್ರ ನಲವತ್ತೆಂಟು."

"ಮನಿ ನೋಡಲಾರದ ಹೆಂಗ ಹೇಳತೀರಿ?"

"ಮನಿ ಯಾರ್ ನೋಡ್ತಾರ್ರಿ ತಾಯಿ, ಕೇಳಾವ್ರ ಮಾರಿ ನೋಡಿ ಹೇಳತೇವಿ," ಎಂದು ನಕ್ಕ. ತಮಾಷೆಗೆ ಅಂದನೋ, ಖರೇ ಅಂದನೋ. ಸಾವಿರ ರೂಪಾಯಿ ತೆಗೆದುಕೊಂಡು ತನ್ನ ಅಚ್ಚಿನ ಹಾಳೆಯ ಮೇಲೆ ನಲವತ್ತೆಂಟು ಲಕ್ಷ ಎಂದು ಬರೆದು, ಗುದ್ದಿ ಶಿಕ್ಕಾ ಹೊಡೆದ.

ನಲವತ್ತೆಂಟರ ಅರ್ಧ ಇಪ್ಪತ್ತನಾಲ್ಕು. ಅಳತೆ ಕೊಟ್ಟು ಹೊಲಿಸಿದ ಕುಬಸದಂತೆ ಕೂತಿತು. ಆದರೆ ವಾಪಸು ಬರುವಾಗ ಬಸ್ಸು ದೇಸೂರ ದಾಟುವ ಹೊತ್ತಿಗೆ ಆಕೆಗೊಂದು ಅನುಮಾನ ಬಂತು. ಪ್ರಸಾದ ಮನೆಯನ್ನೇ ಆರಿಸಿದರೆ? ಛೆ, ಅವನೆಲ್ಲಿ ಆರಿಸುತ್ತಾನೆ. ನೌಕರಿ ಖಾನಾಪುರದಲ್ಲಿ, ಶೀತಲಳ ತವರು ಅಲ್ಲೇ ಜಾಂಬೋಟಿ ಕಡೆ. ಅವನಿಗೆ ಬೇಕಾಗಿದ್ದು ರೊಕ್ಕ. ಹೀಗೆ ಹತ್ತು ಸಲ ಹೇಳಿಕೊಂಡಳು. ಹತ್ತು ಸಲ ಹೇಳಿಕೊಳ್ಳಬೇಕಾದ ಮಾತು ಗಟ್ಟಿಯಲ್ಲ ಎಂಬುದು ಆಕೆಗೆ ತಿಳಿಯದ್ದೇನಲ್ಲ.

"ಭಾಳ ಕಡಿಮಿ ಆಗಲಿಲ್ಲೇನ?" ಎಂದ ಸಿದ್ದಪ್ಪ, ಹಾಳೆ ನೋಡಿ.

"ಏಜೆಂಟ ಬರದ ಕೊಟ್ಟಾನ್ರೀ. ನಾನೇನ್ ನನ್ನ ಮನಸಿನಿಂದ ಹೇಳೇನೇನು?"

ಭಾನುವಾರ ಖಾನಾಪುರದಲ್ಲಿ ಪ್ರಸಾದನ ಮನೆಯಲ್ಲಿ ಕೂತರು. ಹಿರಿಯನಾಗಿ ಅಣ್ಣತಮ್ಮಂದಿರ ಸೋದರಮಾವ ಬಸಲಿಂಗಪ್ಪ ದೇಸೂರಿನಿಂದ ಬಂದಿದ್ದ. ಸಂಗವ್ವ ಈ ಮನೆಯೊಳಗೆ ಕಾಲಿಟ್ಟು ಮೂರು ವರ್ಷವಾಗಿತ್ತು. ಎರಡೇ ಖೋಲಿ. ಸಮೃದ್ಧಿಯ ಪುಸ್ತಕಕ್ಕೆ ಜಾಗವಿಲ್ಲದೆ ಫ್ರಿಜ್ಜಿನ ಮೇಲೆ ಒಟ್ಟಿದ್ದರು. ಶೀತಲ ಅವಲಕ್ಕಿ ತಂದಿಟ್ಟು, "ವೈನಿ, ಖಾರ ಕಡಿಮಿ ಹಾಕೇನಿ, ನಿಮಗ ಅಸಿಡಿಟಿ ಅಲ್ಲಾ," ಅಂದಳು. ಎರಡು ತುತ್ತು ತಿಂದು ಸಂಗವ್ವ ತಟ್ಟೆ ಪಕ್ಕಕ್ಕಿಟ್ಟಳು. ಸಂಗವ್ವ ಮದುವೆಯಾಗಿ ಬಂದಾಗ ಪ್ರಸಾದನಿಗೆ ಹನ್ನೊಂದು ವರ್ಷ. ಅವನ ಸಾಲಿಯ ಡಬ್ಬಿ ಕಟ್ಟಿದ್ದು ಈಕೆಯೇ, ಜ್ವರ ಬಂದರೆ ರಾತ್ರಿಯೆಲ್ಲ ಕೂತಿದ್ದು ಈಕೆಯೇ. ಹೇಳಿಬಿಡಲೇ ಎಪ್ಪತ್ತೆಂದು? ನಾಲಿಗೆಯ ತುದಿಗೆ ಬಂತು. ಹನ್ನೊಂದು ಲಕ್ಷದ ಸಾಲ ಕಣ್ಣ ಮುಂದೆ ನಿಂತಿತು, ಮಾತು ಒಳಗೇ ಹೋಯಿತು.

ಬಸಲಿಂಗಪ್ಪ ಎಲೆ ಅಡಿಕೆಯ ತಾಟನ್ನು ನಡುವೆ ಸರಿಸಿದ. "ಹೇಳಪಾ ಸಿದ್ದಪ್ಪ, ನಿನ್ನ ಬೆಲಿ."

ಸಿದ್ದಪ್ಪ ಹೆಂಡತಿಯ ಕಡೆ ನೋಡಿದ. ಆಕೆ ತಲೆಯಾಡಿಸಿದಳು.

"ನಲವತ್ತೆಂಟು," ಎಂದ ಅವನು, ತಾಟಿಗೆ ಹೇಳಿದ ಹಾಗೆ.

ಪ್ರಸಾದ ಅಣ್ಣನ ಕಡೆ ತಿರುಗಿದ. ಶೀತಲ ಅಡುಗೆ ಖೋಲಿಯ ಬಾಗಿಲಲ್ಲಿ ನಿಂತಳು.

"ಯಾರ್ ಹೇಳಿದ್ರು ಅಣ್ಣಾ, ಈ ಬೆಲಿ?"

ಸಂಗವ್ವ ಹಾಳೆ ತೆಗೆದು ಮುಂದೆ ಚಾಚಿದಳು. "ಏಜೆಂಟ್ರು. ಶಿಕ್ಕಾ ಸೈತ ಐತಿ, ನೋಡು."

ಅವನು ಹಾಳೆಗೆ ಕೈ ಹಚ್ಚಲಿಲ್ಲ. "ಏಜೆಂಟರ ಮಾತ ಬಿಡ್ರಿ, ವೈನಿ. ಇಪ್ಪತ್ತೆರಡು ವರ್ಷ ಆ ಖೋಲ್ಯಾಗ ಕುಂತು ರೊಟ್ಟಿ ಮಾಡಾವ್ರು ನೀವು. ನೀವ ಹೇಳ್ರಿ. ನಮ್ಮ ಮನಿ ಇಷ್ಟ ಬಾಳತೈತೇನು?"

ಇದಕ್ಕಿಂತ ದೊಡ್ಡ ಬಾಗಿಲನ್ನು ಯಾವ ಮೈದುನ ತೆರೆದುಕೊಡುತ್ತಾನೆ ಹೇಳಿ! ಒಂದು ಮಾತು ಸಾಕಿತ್ತು. ಸಂಗವ್ವ ಚಾಚಿದ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹೂಂ," ಅಂದಳು. "ಇಷ್ಟ ಬಾಳತೈತಿ."

"ಹಂಗಾದ್ರ ಮನಿ ನಾ ಇಟ್ಟಕೋತೀನಿ," ಎಂದ ಪ್ರಸಾದ, ತಾಟಿನಿಂದ ಅಡಿಕೆ ಎತ್ತಿಕೊಂಡ.

ಸಿದ್ದಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸಂಗವ್ವ ಅರ್ಧ ಎದ್ದಳು, ಮತ್ತೆ ಕೂತಳು.

"ನಿನಗ... ನಿನಗ ರೊಕ್ಕ ಬೇಕಿತ್ತಲ್ಲೋ, ಪ್ರಸಾದ?"

"ಬೇಕಿತ್ತು. ಅರವತ್ತು ಅಂದಿದ್ರೂ ಮೂವತ್ತು ತಗೊಂಡು ಸುಮ್ಮನಾಗತಿದ್ದೆ, ವೈನಿ. ಮನಿ ತಗೊಳ್ಳೂ ತಾಕತ್ತು ನನಗೆಲ್ಲಿತ್ತು? ಇಪ್ಪತ್ತನಾಲ್ಕಾದ್ರ ನನ್ನ ಪಗಾರದ ಮ್ಯಾಲೆ ಬ್ಯಾಂಕಿನವ್ರು ಕೊಡ್ತಾರ. ಹುಡುಗಿ ಬೆಳಗಾಂವದಾಗ ಕಾಲೇಜಿಗೆ ಹೋಗ್ಲಿ, ನಾ ದಿನಾ ಇಲ್ಲಿ ಸಾಲಿಗೆ ಓಡಾಡತೀನಿ."

ಸಂಗವ್ವ ಸೋದರಮಾವನ ಕಡೆ ತಿರುಗಿದಳು. "ಮಾವಾರ, ನೀವರ ಹೇಳ್ರಿ..."

"ನಾ ಏನ್ ಹೇಳ್ಲೆವಾ?" ಬಸಲಿಂಗಪ್ಪನಿಗೂ ಸಂಕಟವಾಗಿತ್ತು. "ಬೆಲಿ ನಿಮ್ಮದು, ಆರಿಸೂದು ಅವಂದು. ನಮ್ಮ ಕಣ್ಣ ಮುಂದ ಆತು."

ಪ್ರಸಾದ ಮೆಲ್ಲಗೆ, ಚಿಕ್ಕಂದಿನಲ್ಲಿ ಡಬ್ಬಿ ಕೇಳುತ್ತಿದ್ದ ಹುಡುಗನ ದನಿಯಲ್ಲೇ ಹೇಳಿದ.

"ಅಂಗಡಿ ತಗಿಯಾಕ ನಾ ಹೇಳಂಗಿಲ್ಲ, ವೈನಿ. ಮುಂದಿನ ಖೋಲಿ ನೀವ ಇಟ್ಟಕೋರಿ. ಬಾಡಿಗಿ ಎಷ್ಟಂತ ನೀವ ಹೇಳ್ರಿ, ನಾ ಒಪ್ಪತೀನಿ."

ಸಂಗವ್ವನಿಗೆ ಅಳು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಾಚಿಕೆಯೆಂದರೆ ಏನೆಂದು ಈ ವಯಸ್ಸಿನಲ್ಲಿ ಆಕೆಗೆ ತಿಳಿಯಿತು.

"ಎಪ್ಪತ್ತು," ಎಂದಳು ಬಿಕ್ಕುತ್ತ. "ಎಪ್ಪತ್ತು ಬಾಳತೈತೋ, ಪ್ರಸಾದ. ಮೊದಲಿಂದ ಗೊತ್ತಿತ್ತು ನನಗ."

"ಅದು ನನಗೂ ಗೊತ್ತೈತಿ, ವೈನಿ," ಎಂದ ಅವನು. "ನಾ ಈಗ ಕೇಳಿದ್ದು ಬಾಡಿಗಿ."