ಗೊಬ್ಬರದ ಗುಡ್ಡೆಯಲ್ಲಿ ಮೂರು ಚೀಲ

ನಮ್ಮದು ಸಸಿ ಮಾರುವ ಮನೆ. ಹಿತ್ತಿಲೇ ನರ್ಸರಿ. ಅತ್ತೆ ಬೀಜ ಹಾಕುತ್ತಾರೆ, ನಾನು ಚೀಲಕ್ಕೆ ಮಣ್ಣು ತುಂಬುತ್ತೇನೆ. ಹಿಂದೆ ಒಬ್ಬ ಮಾರಾಟಗಾರ ಎಲೆಯ ಚಿತ್ರವಿದ್ದ ಹಸಿರು ಚೀಲ ತಂದಿದ್ದ. ಇವು ಮಣ್ಣಲ್ಲಿ ತಾವೇ ಕರಗುತ್ತವೆ, ಚೀಲದ ಸಮೇತ ನೆಟ್ಟುಬಿಡಿ ಎಂದ. ಅತ್ತೆ ನಂಬಿದರು. ಸಸಿ ಕೊಂಡವರಿಗೂ ಅದನ್ನೇ ಹೇಳಿದರು.

ವರ್ಷ ತುಂಬುವ ಮೊದಲೇ ಶಾಲೆಯ ಮಾಲಿ ಒಣಗಿದ ಗಿಡವೊಂದನ್ನು ಕಿತ್ತು ತಂದು ನಮ್ಮ ಬಾಗಿಲಲ್ಲಿ ಇಟ್ಟ. ಚೀಲದ ಅಂಚು, ಬಿಸಿಲು ಬಿದ್ದಷ್ಟು, ಪುಡಿಯಾಗಿತ್ತು. ಮಣ್ಣೊಳಗಿನ ಭಾಗ ಹಾಗೇ ಇತ್ತು. ಬೇರು ಅದರೊಳಗೇ ಸುತ್ತಿ ಸುತ್ತಿ ಸತ್ತಿತ್ತು. ನಮ್ಮಿಂದ ಒಯ್ದ ನಲವತ್ತರಲ್ಲಿ ಮೂವತ್ತು ಗಿಡ ಹೀಗೇ ಹೋಗಿದ್ದವು.

"ನಿಮ್ಮ ಮಾತು ನಂಬಿ ನೆಟ್ಟೆ ಕಣಮ್ಮ" ಎಂದ. ಬೈದಿದ್ದರೂ ಅತ್ತೆ ತಡೆದುಕೊಳ್ಳುತ್ತಿದ್ದರೇನೋ. ಮುಂದಿನ ಮಳೆಗೆ ಮತ್ತೆ ನಲವತ್ತು ಸಸಿ ಬೇಕು, ಅವೂ ಸತ್ತರೆ ಈ ಬಾಗಿಲು ತುಳಿಯುವುದಿಲ್ಲ ಎಂದು ಹೇಳಿ ಹೋದ.

ಅಂದಿನಿಂದ ಅತ್ತೆಗೆ ಎಲ್ಲದರ ಮೇಲೂ ಗುಮಾನಿ. ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುತ್ತ, ನಾನು ಕೊಟ್ಟ ಹಾಲನ್ನೂ ಮೂಸಿ ಕುಡಿಯತೊಡಗಿದರು.

ಅಂಥ ಹೊತ್ತಲ್ಲಿ ಅವರ ತಂಗಿಯ ಮಗಳು ಒಂದು ಕಟ್ಟು ಚೀಲ ಹಿಡಿದು ಬಂದಳು. ಅವಳು ಚೀಲದ ಕಾರ್ಖಾನೆಯಲ್ಲಿ ಏನನ್ನು ಎಷ್ಟು ಬೆರೆಸಬೇಕೋ ಅಷ್ಟು ತೂಗಿ ಹಾಕುವವಳು. ಅತ್ತೆ ಒಂದು ಚೀಲ ಎಳೆದರು, ತಿರುಚಿದರು, ಮೂಸಿದರು. ಇದರಲ್ಲಿ ಏನೇನು ಸುರಿದಿದ್ದೀರಿ ಎಂದು ಕೇಳಿದರು.

"ಜೋಳದಿಂದ ತೆಗೆದ ಗಂಜಿಪುಡಿ, ಅದರ ಜೊತೆ ಗೊಬ್ಬರವಾಗೋ ಜಾತಿಯ ಪ್ಲಾಸ್ಟಿಕ್ಕು. ಗಂಜಿ ಹೆಚ್ಚಾದ್ರೆ ಚೀಲ ಸೆಟೆದು ಮುರಿಯುತ್ತೆ ದೊಡ್ಡಮ್ಮ, ಗಂಜಿ ಹಾಕಿದ ಬಟ್ಟೆ ನೋಡಿಲ್ವಾ? ಬಾಗಲಿ ಅಂತ ಸ್ವಲ್ಪ ಗ್ಲಿಸರಿನ್ ಹಾಕ್ತೀವಿ. ಗಂಜಿ, ಪ್ಲಾಸ್ಟಿಕ್ಕು ಎರಡೂ ಎಣ್ಣೆ ನೀರಿನ ಹಾಗೆ, ಸೇರಲ್ಲ. ಸೇರಿಸೋಕೆ ಇನ್ನೊಂದು ಪದಾರ್ಥ, ಚಿಟಿಕೆಯಷ್ಟು."

"ಆ ಹಸಿರು ಚೀಲದವನೂ ಏನೋ ಬೆರೆಸಿದೀವಿ ಅಂತಲೇ ಹೇಳಿದ್ದ."

"ಅವನದು ಮಾಮೂಲಿ ಪ್ಲಾಸ್ಟಿಕ್ಕು. ಬಿಸಿಲಿಗೆ ಚೂರಾಗ್ಲಿ ಅಂತ ಏನೋ ಬೆರೆಸಿದ್ದಾರೆ, ಅಷ್ಟೇ. ಚೂರಾಗೋದು ಬೇರೆ, ಮಣ್ಣಾಗೋದು ಬೇರೆ."

"ನಿನಗೆ ಸಂಬಳ ಕೊಡೋರು ಅವರು. ಇನ್ನೇನು ಹೇಳ್ತೀಯ ನೀನು?"

ಹುಡುಗಿಯ ಮುಖ ಸಣ್ಣದಾಯಿತು. ನನಗೂ ಕೆಟ್ಟದೆನಿಸಿತು.

"ನನ್ನ ನಂಬಬೇಡಿ. ಹೂತು ನೋಡಿ" ಎಂದಳು.

ಅತ್ತೆ ಬಿಡುವವರೇ? ಅಂದೇ ಗೊಬ್ಬರದ ಗುಡ್ಡೆಯಲ್ಲಿ ಮೂರು ಚೀಲ ಹೂತರು. ಒಂದು ಅಂಗಡಿಯ ಮಾಮೂಲಿ ಚೀಲ, ಒಂದು ಮಾರಾಟಗಾರನದು, ಒಂದು ಇವಳದು. ಬೀಜದ ಮಡಿಗೆ ನೆಡುವ ಹಾಗೇ ಒಂದೊಂದಕ್ಕೂ ಗುರುತಿನ ಕಡ್ಡಿ ನೆಟ್ಟರು.

ತಿಂಗಳ ಮೇಲೆ ಮಿಕ್ಕ ಚೀಲಗಳಿಗೆ ಮಣ್ಣು ತುಂಬಲು ಹೋದರೆ ಕೈಯಲ್ಲೇ ಕಿತ್ತುಬಂದವು. ಅತ್ತೆಗೆ ಅದೇ ಬೇಕಿತ್ತು. ತಂಗಿಯ ಮಗಳನ್ನು ಕರೆಸಿ, "ನೋಡು ನಿನ್ನ ಬೆರಕೆಯ ಬಂಡವಾಳ" ಎಂದರು.

ಅವಳು ಚೀಲ ಬಿಟ್ಟು, ಚೀಲ ಇಟ್ಟ ಜಾಗ ನೋಡಿದಳು. ಕೆಳಗೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ, ಪಕ್ಕದಲ್ಲೇ ಗೊಬ್ಬರದ ಕಾವು. ನರ್ಸರಿಯವರ ಕೈ ಸುಮ್ಮನಿರುತ್ತದೆಯೇ? ಕಡ್ಡಿ, ಗೆಡ್ಡೆ, ಬೇರು ಎಲ್ಲವನ್ನೂ ಒದ್ದೆಯಲ್ಲಿಟ್ಟು ಅಭ್ಯಾಸ. ಅತ್ತೆ ಚೀಲದ ಕಟ್ಟಿಗೂ ದಿನಾ ಬೆಳಗ್ಗೆ ನೀರು ಚಿಮುಕಿಸಿದ್ದರು.

"ಗೊಬ್ಬರ ಆಗೋ ಚೀಲನ ಗೊಬ್ಬರ ಮಾಡೋ ಹಾಗೇ ಇಟ್ಟಿದ್ದೀರಲ್ಲ ದೊಡ್ಡಮ್ಮ. ಒಣ ಜಾಗದಲ್ಲಿಡಿ ಅಂತ ಹೇಳದೇ ಇದ್ದಿದ್ದು ನನ್ನ ತಪ್ಪು."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅತ್ತೆ ಮಾತ್ರ ಸೋಲೊಪ್ಪಲಿಲ್ಲ.

ಮೂರು ತಿಂಗಳಾದ ಮೇಲೆ ಗುದ್ದಲಿ ಹಿಡಿದು ಗುಡ್ಡೆ ಬಗೆದರು. ಮಾಮೂಲಿ ಚೀಲ ಹೂತ ಹಾಗೇ ಸಿಕ್ಕಿತು. ಮಾರಾಟಗಾರನದನ್ನು ಕೊಡವಿದರೆ ಎಲೆಯ ಚಿತ್ರ ಇನ್ನೂ ಹೊಳೆಯುತ್ತಿತ್ತು. ಮೂರನೆಯ ಕಡ್ಡಿಯ ಬುಡದಲ್ಲಿ ಏನೂ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವವರು ಅತ್ತೆ. ಆ ಗೊಬ್ಬರವನ್ನೆಲ್ಲ ಜರಡಿ ಹಿಡಿದರು. ಬೆರಳುಗುರಿನಷ್ಟು ಎರಡು ಮೆತ್ತನೆ ತುಣುಕು ಸಿಕ್ಕವು. ಒತ್ತಿದರೆ ಅವೂ ಹಿಟ್ಟಾದವು.

ಇದು ಗುಡ್ಡೆಯ ಕಾವಿನ ಕೆಲಸ, ಬರೀ ಮಣ್ಣಲ್ಲಿ ಇನ್ನೂ ನಿಧಾನ, ಅದಕ್ಕೇ ನೆಡುವಾಗ ಚೀಲದ ತಳ ಸೀಳಬೇಕು ಎಂದು ಹುಡುಗಿ ಹೇಳಿದಳು. ಈ ಸಲ ಅತ್ತೆ ಅವಳ ಕೈ ಹಿಡಿದು, "ಸಂಬಳದ ಮಾತು ಆಡಬಾರದಿತ್ತು ಕಣೇ" ಎಂದರು.

ಹೊಸ ಕಟ್ಟು ತರಿಸಿ ಅಟ್ಟದ ಮೇಲೆ ಒಣ ಜಾಗದಲ್ಲಿ ಇಟ್ಟೆವು. ಮಳೆಗೆ ನಲವತ್ತು ಸಸಿ ಸಿದ್ಧವಾದಾಗ ಅತ್ತೆ ತಾವೇ ಗಾಡಿಗೆ ಹೇರಿ ಶಾಲೆಗೆ ಒಯ್ದರು.

"ಹೋದ ಸಲ ಏನೂ ಕೇಳದೆ ನಂಬಿದೆ ಕಣಪ್ಪ, ನಿನ್ನನ್ನೂ ನಂಬಿಸಿದೆ. ಈ ಸಲ ಹೂತು ನೋಡಿದೀನಿ" ಎಂದು ಮಾಲಿಗೆ ಹೇಳಿ, ಮೊದಲ ಚೀಲದ ತಳವನ್ನು ತಾವೇ ಸೀಳಿ ಕೊಟ್ಟರು. ಮಾಲಿ ಗುಣಿ ತೋಡತೊಡಗಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಸಿರು ಬಣ್ಣ, ಎಲೆಯ ಚಿತ್ರ ನೋಡಿ ಮರುಳಾಗಬೇಡಿ. ಏನು ಬೆರೆಸಿದ್ದೀರಿ, ಯಾಕೆ ಬೆರೆಸಿದ್ದೀರಿ, ಚೂರಾಗುತ್ತದೋ ಮಣ್ಣಾಗುತ್ತದೋ ಎಂದು ಕೇಳಿ. ಪರೀಕ್ಷೆ ಮಾಡಿಸಿದ ಪತ್ರ ತೋರಿಸಿ ಎನ್ನಿ. ಮನೆಯ ಗುಂಡಿಯಲ್ಲಿ ಕೊಳೆಯುತ್ತದೆಯೇ, ದೊಡ್ಡ ಗೊಬ್ಬರ ಘಟಕದ ಬಿಸಿಯೇ ಬೇಕೇ ಎಂದೂ ಕೇಳಿ. ತಂದದ್ದನ್ನು ಒಣ ಜಾಗದಲ್ಲಿಡಿ. ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಮ್ಮತ್ತೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಅನುಮಾನವಿರಲಿ, ಕೈಯಲ್ಲೊಂದು ಗುದ್ದಲಿಯೂ ಇರಲಿ.