ಹೊಳೆಗೆ ಬಿಡದ ಟಾಕು

"ಒಳಗ ಬಾರೋ ಭರಮಣ್ಣ" ಎಂದು ಬಾಳಾಸಾಹೇಬ ಸಾವ್ಕಾರರು ಕರೆದಾಗ ಅವನು ಬಾಗಿಲಲ್ಲೇ ನಿಂತುಬಿಟ್ಟ. ಟಿಳಕವಾಡಿಯ ಆ ಬಂಗಲೆಗೆ ಎಡತಾಕುತ್ತ ಅವನ ತಲೆ ನೆರೆತಿತ್ತು. ಆದರೆ ಅವನ ಜಾಗ ಹಿತ್ತಲ ಕಟ್ಟೆ. ಗಂಟು ಅಲ್ಲೇ ಬಿಚ್ಚಬೇಕು, ಅವನಿಗೆಂದೇ ಗೂಡಿನಲ್ಲಿಟ್ಟ ಕಪ್ಪಿನಲ್ಲಿ ಚಹಾ ಕುಡಿದು, ತೊಳೆದು ಬೋರಲು ಹಾಕಿ ಹೋಗಬೇಕು. ಸಾವ್ಕಾರರು ಕೆಟ್ಟವರೇನಲ್ಲ. ಹೆಂಡತಿ ರೇಣವ್ವನನ್ನು ಕೊನೆಗಾಲದಲ್ಲಿ ದವಾಖಾನೆಗೆ ಒಯ್ಯಲು ತಮ್ಮ ಕಾರನ್ನೇ ಕಳಿಸಿದ ಪುಣ್ಯಾತ್ಮರು. ಒಳಗೆ ಮಾತ್ರ ಎಂದೂ ಕರೆದಿರಲಿಲ್ಲ.

ಗಂಟಿನಲ್ಲಿ ಇರುತ್ತಿದ್ದದ್ದು ಟಾಕುಗಳು. ಭರಮಣ್ಣನ ಕಡೆಯ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ರೂಪವನ್ನು ಸಣ್ಣ ಬೆಳ್ಳಿ ತಗಡಿನಲ್ಲಿ ಒತ್ತಿಸಿ ದೇವರ ಜಗಲಿಯ ಮೇಲಿಡುತ್ತಾರೆ. ತಿಕ್ಕಿ ತಿಕ್ಕಿ ಸವೆದರೆ ಹಳೆಯದನ್ನು ಮಲಪ್ರಭೆಗೆ ಬಿಟ್ಟು ಹೊಸದು ತರಬೇಕು. ಹಳೆಯದು ನೀರು ಸೇರುವತನಕ ಸತ್ತವರು ಹೊಸದರಲ್ಲಿ ಬಂದು ಕೂರುವುದಿಲ್ಲ. ಜಾಂಬೋಟಿ ಕಡೆಯ ಹಳ್ಳಿಗಳಲ್ಲಿ ಭರಮಣ್ಣ, ಕೊಡಿ, ನಾನೇ ಹೊಳೆಗೆ ಬಿಡುತ್ತೇನೆ ಎಂದು ಇಸಿದುಕೊಳ್ಳುತ್ತಿದ್ದ. ಬಿಡುತ್ತಿದ್ದದ್ದು ಟಿಳಕವಾಡಿಯಲ್ಲಿ, ಹಳೆಯ ಕಾಲದ ವಸ್ತು ಕೂಡಿಡುವ ಸಾವ್ಕಾರರ ಕೈಗೆ, ರೊಕ್ಕಕ್ಕೆ. ಇಂಥ ಹಳೆಯ ಸಾಮಾನನ್ನು ನೀರಿಗೆಸೆಯುವುದು ಹುಚ್ಚರ ಕೆಲಸ ಎಂದು ಸಾವ್ಕಾರರು ಹೇಳಿದ್ದರು. ಅಷ್ಟು ಓದಿದವರು ಹೇಳಿದ ಮೇಲೆ ಅವನಿಗೂ ಹೌದೆನ್ನಿಸಿತ್ತು.

ಮನೆಯಲ್ಲೂ ಅದೇ ಹೊಳೆಯ ಮಾತು ಹೇಳುತ್ತ ಬಂದಿದ್ದ. ಅದೇ ಈಗ ಕುತ್ತಿಗೆಗೆ ಬಂದಿತ್ತು. ಅಕ್ಕ ಭೀಮಕ್ಕ ಅಮಾವಾಸ್ಯೆಗೆಂದು ಬಂದವಳು, ಹೊಳೆಗೆ ಹೊರಟ ಗಂಟು ಹೇಗೂ ಇದೆಯಲ್ಲ ಎಂದು, ಸವೆದು ಹಾಳೆಯಂತಾಗಿದ್ದ ರೇಣವ್ವನ ಟಾಕನ್ನೂ ಅದರಲ್ಲಿ ಸೇರಿಸಿಬಿಟ್ಟಿದ್ದಳು. ಹೊಸದಕ್ಕೆ ಖಾನಾಪುರದ ಅಕ್ಕಸಾಲಿಗನಿಗೆ ಹೇಳಿಯೂ ಬಂದಿದ್ದಳು. ಭರಮಣ್ಣನಿಗೆ ಇದು ತಿಳಿದದ್ದು ಗಂಟು ಬಂಗಲೆ ಸೇರಿದ ಮೇಲೆ. ಅಕ್ಕನನ್ನು ಬಯ್ಯಲು ಅವನಿಗೆ ಬಾಯಾದರೂ ಎಲ್ಲಿತ್ತು?

ಇವತ್ತು ಗಂಟಿಲ್ಲದೆ ಬಂದು, ಹಿತ್ತಲಲ್ಲೇ ಹಿಂಜರಿಯುತ್ತ ಎಲ್ಲ ಹೇಳಿದ್ದ. ಸಾವ್ಕಾರರು ನಿಜವಾಗಿಯೂ ನೊಂದುಕೊಂಡು ಅವನನ್ನು ಒಳಗೆ ಕರೆದಿದ್ದರು. "ನಿನ್ನ ಹೇಣ್ತಿ ಟಾಕು ಇಟ್ಕೊಂಡು ನಾ ಏನ್ ಮಾಡ್ಲಿ? ಹುಡಿಕ್ಕೊಂಡು ಒಯ್ಯಿ" ಎಂದು ಕಪಾಟಿನ ಬೀಗ ತೆಗೆದರು.

ನೀಲಿ ಮಖಮಲ್ಲಿನ ಮೇಲೆ ಸಾಲು ಸಾಲು ಹೆಂಗಸರು. ಎಲ್ಲರದೂ ತಲೆಯ ಮೇಲೆ ಸೆರಗು, ಎಲ್ಲರೂ ಕೈಮುಗಿದವರೇ. ಕೆಳಗೆ ಒಂದೇ ಚೀಟಿ: ಖಾನಾಪುರ ಭಾಗ, ೧೯೮೧. ಭರಮಣ್ಣ ಬಾಗಿ ನೋಡಿದ. ಒಬ್ಬಳಿಗೂ ಮುಖವಿರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಹೆಬ್ಬೆರಳು ಮೊದಲು ಹೋಗುವುದೇ ಮುಖಕ್ಕೆ. ರೇಣವ್ವನ ಟಾಕನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಅಮಾವಾಸ್ಯೆ ಬಂದರೆ ತಾನೇ ತಿಕ್ಕಿ, ಎಡೆ ಇಟ್ಟು, ಅವಳೆದುರಿಗೆ ಕೂತು ತಾನೂ ಉಣ್ಣುತ್ತ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದ. ಅವಳ ಮುಖವನ್ನು ಅಳಿಸಿದವನು ತಾನೇ ಎಂದು ಈಗ ಗೊತ್ತಾಯಿತು.

"ಗುರುತ ಹತ್ತವಲ್ದರೀ, ಸಾವ್ಕಾರ್ರ."

"ಎಲ್ಲಾ ಒಂದ ಅಚ್ಚಿನವು ಅದಾವು. ಯಾವ್ದರ ಒಂದು ತಗೋ. ನನಗೇನ್ ಕಡಿಮಿ ಬೀಳೂದಿಲ್ಲ."

ಎಲ್ಲವನ್ನೂ ಕೊಡಿ, ಒಟ್ಟಿಗೇ ಹೊಳೆಗೆ ಬಿಡುತ್ತೇನೆ, ಅವಳೂ ಅದರಲ್ಲೇ ಹೋದಾಳು ಎನ್ನುವ ಮಾತು ಗಂಟಲವರೆಗೆ ಬಂತು. ಸಾವ್ಕಾರರು ಧೋತರದ ಚುಂಗಿನಿಂದ ಕಪಾಟಿನ ಗಾಜು ಒರೆಸುತ್ತಿದ್ದರು. ಅಷ್ಟು ಅಕ್ಕರೆಯಿಂದ ಒರೆಸುವವರನ್ನು ಹೇಗೆ ಕೇಳುವುದು? ಕೈಗೆ ಬಂದದ್ದೊಂದನ್ನು ಎತ್ತಿಕೊಂಡು ನಮಸ್ಕಾರ ಮಾಡಿ ಹೊರಬಿದ್ದ.

ಖಾನಾಪುರದ ಸೇತುವೆಯ ಮೇಲೆ ನಿಂತು ಮುಷ್ಟಿ ಬಿಚ್ಚಿದ. ರೇಣವ್ವನಾಗಿದ್ದರೆ ಸರಿ; ಅಲ್ಲದಿದ್ದರೆ ಯಾರ ಮನೆಯವಳನ್ನು ಯಾರ ಹೆಸರು ಹೇಳಿ ಬಿಡುವುದು? ಬಿಡಲಾಗದೆ ಮನೆಗೆ ತಂದ.

ಮುಂದಿನ ಅಮಾವಾಸ್ಯೆಗೆ, ಹೊಸ ಟಾಕನ್ನು ಅಕ್ಕಸಾಲಿಗನಿಂದ ತರದೆ, ಅವಳನ್ನು ರೇಣವ್ವನ ಜಾಗದಲ್ಲೇ ಕೂರಿಸಿದ. ಮುಖ ಮುಟ್ಟದೆ, ಸುತ್ತಲಷ್ಟೇ ತಿಕ್ಕಿದ. ಅನ್ನ, ಸಾರು, ಹೋಳಿಗೆಯ ಎಡೆ ಇಟ್ಟ.

"ಯಾರ ಮನಿಯಾಕಿಯೋ ಯವ್ವಾ, ನನಗ ಗೊತ್ತಿಲ್ಲ. ನಾಚಬ್ಯಾಡ, ಉಣ್ಣು."

ಪರರ ಮನೆಯ ಹೆಣ್ಣುಮಗಳು ಉಣ್ಣುವಾಗ ಎದುರಿಗೆ ಕೂರಬಾರದೆಂದು, ತನ್ನ ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಕುಳಿತ.